ಮೂರು ಮೆಟ್ಟಿಲಿನ ಬಚ್ಚಲು

ಆಗೆಲ್ಲ ಶಿಡ್ಲಘಟ್ಟದಲ್ಲಿ ಬಾಡಿಗೆ ಮನೆ ನೋಡಲು ಹೋದವರು ಕೇಳುತ್ತಿದ್ದುದು ಎರಡೇ ಮಾತು. ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಪಕ್ಕದ ರೇಷ್ಮೆ ರೀಲಿಂಗ್ ಘಟಕದ ಹೊಗೆ ಒಳಗೆ ಬರುತ್ತದೆಯೇ. ಇವೆರಡಕ್ಕೆ ಒಪ್ಪುವ ಉತ್ತರ ಸಿಕ್ಕರೆ ಸಾಮಾನು ಆಟೋಗೆ ಏರಿಸಿಬಿಡುತ್ತಿದ್ದರು. ನಮ್ಮಪ್ಪ ಮಾಡಿದ್ದೂ ಅಷ್ಟೇ. ಬಚ್ಚಲ ಬಾಗಿಲು ತೆರೆದು ಇಣುಕಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹತ್ತು ಹನ್ನೆರಡು ವರ್ಷವಾಯಿತು, ಆ ಬಚ್ಚಲನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಾಲ್ಯವನ್ನು ನೆನೆದು ಹಿತವಾಗಿ ನಿಟ್ಟುಸಿರುಬಿಡುವ ಬರಹ ಇದಲ್ಲ, ಮೊದಲೇ ಹೇಳಿಬಿಡುತ್ತೇನೆ.

ಊರಿನ ಅಂಚಿನಲ್ಲಿ, ಚಿಂತಾಮಣಿ ರಸ್ತೆಯ ಕಡೆ, ಸರ್ಕಾರದವರು ಬಡವರಿಗೆಂದು ಕಟ್ಟಿಸಿ ಹಂಚಿದ ಮನೆಗಳ ಸಾಲುಗಳಿದ್ದವು. ಜನತಾ ಮನೆಗಳೆಂದೇ ಎಲ್ಲರೂ ಕರೆಯುತ್ತಿದ್ದರು. ಮನೆ ಸಿಕ್ಕವರಲ್ಲಿ ಬಹಳ ಜನ ಅಲ್ಲಿರುತ್ತಿರಲಿಲ್ಲ. ಬೇರೆ ಕಡೆ ಸ್ವಂತ ಮನೆಯಿದ್ದವರು ಹೇಗೋ ಪಟ್ಟಿಗೆ ಹೆಸರು ಸೇರಿಸಿಕೊಂಡು, ಬಂದ ಮನೆಯನ್ನು ನಮ್ಮಂಥವರಿಗೆ ಬಾಡಿಗೆಗೆ ಬಿಡುತ್ತಿದ್ದರು. ನಮ್ಮ ಓನರ್ ಮುನಿನಾರಾಯಣಪ್ಪನಿಗೆ ಪೆರೇಸಂದ್ರದಲ್ಲಿ ತಾರಸಿ ಮನೆ, ದ್ರಾಕ್ಷಿ ತೋಟ ಎಲ್ಲ ಇತ್ತು. ಬಡವರ ಮನೆ ಅವನ ಹೆಂಡತಿಯ ಹೆಸರಿಗೆ ಬಂದಿತ್ತು. ನಿಜವಾದ ಬಡವರಾದ ನಾವು ಅದಕ್ಕೆ ಬಾಡಿಗೆ ಕಟ್ಟಿಕೊಂಡು ಇದ್ದೆವು.

ಹೀಗೆ ಬಾಡಿಗೆಗೆ ಬಿಡುವುದು ಕಾನೂನಿಗೆ ವಿರುದ್ಧ. ಹಾಗಾಗಿ ನಮ್ಮ ಸಾಲಿನ ಮಕ್ಕಳಿಗೆಲ್ಲ ಮಗ್ಗಿಗಿಂತ ಮೊದಲೇ ಕಲಿಸಿದ ಪಾಠವೊಂದಿತ್ತು. ಯಾರಾದರೂ ಫೈಲು ಹಿಡಿದುಕೊಂಡು ಬಂದು ಇದು ಯಾರ ಮನೆ ಎಂದರೆ, ನಮ್ಮ ದೊಡ್ಡಪ್ಪನದು ಎನ್ನಬೇಕು. ಹದಿನಾಲ್ಕು ಮನೆಯ ಸಾಲಿನಲ್ಲಿ ಒಂಬತ್ತು ಮನೆಗೆ ದೊಡ್ಡಪ್ಪಂದಿರಿದ್ದರು. ಎದುರು ಮನೆಯ ಶಾಹಿದಾಳ ಪಾಡು ಇನ್ನೂ ಕಷ್ಟ. ಅವರ ಓನರ್ ಹೆಸರು ಕೃಷ್ಣಪ್ಪ. ಅವಳ ಮನೆಯಲ್ಲಿ ಬಹಳ ಚರ್ಚೆಯಾಗಿ, ಕೊನೆಗೆ ಕೃಷ್ಣಪ್ಪ ನಮ್ಮ ಮಾಮು ಎಂದು ಹೇಳುವುದೆಂದು ತೀರ್ಮಾನವಾಯಿತು. ಆ ಒಂದು ಮಾತಿಗೆ ನಾವು ಅವಳನ್ನು ವಾರಗಟ್ಟಲೆ ಗೋಳುಹೊಯ್ದುಕೊಂಡೆವು.

ಅಪ್ಪ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಅಮ್ಮ ಬೆಳಿಗ್ಗೆ ಆರಕ್ಕೆ ರೀಲಿಂಗ್ ಘಟಕಕ್ಕೆ ಹೋಗಿ, ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ದಿನವಿಡೀ ಎಳೆ ತೆಗೆಯುತ್ತಿದ್ದಳು. ಸಂಜೆ ಬಂದಾಗ ಅವಳ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು, ಸೆರಗಿನ ತುಂಬ ಬೆಂದ ಹುಳದ ವಾಸನೆ. ಇಡೀ ಊರಿಗೇ ಆ ವಾಸನೆ ಇದ್ದುದರಿಂದ ನಮಗದು ವಾಸನೆ ಅನ್ನಿಸುತ್ತಲೇ ಇರಲಿಲ್ಲ. ಬೇಸಿಗೆ ರಜೆಯಲ್ಲಿ ನಾವು ಹಿಪ್ಪುನೇರಳೆ ತೋಟಗಳಿಗೆ ನುಗ್ಗಿ, ಹಣ್ಣು ತಿಂದು, ನಾಲಿಗೆ ಕಪ್ಪಾಗಿಸಿಕೊಂಡು ಬರುತ್ತಿದ್ದೆವು. ಕುಂಟೆಬಿಲ್ಲೆ ಆಡಲು ಕಾಲೊನಿಯಲ್ಲಿ ಸಮತಟ್ಟಾಗಿದ್ದ ಜಾಗವೆಂದರೆ ಮನೆಗಳ ಹಿಂದಿದ್ದ ಪಾಯಿಖಾನೆ ಗುಂಡಿಗಳ ಸಿಮೆಂಟು ಮುಚ್ಚಳ. ಅದರ ಮೇಲೆ ಇದ್ದಿಲಿನಲ್ಲಿ ಮನೆ ಬರೆದು ಆಡುತ್ತಿದ್ದೆವು, ಯಾರಿಗೂ ಹೇಸಿಗೆ ಆಗುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಆ ಗುಂಡಿಯಿಂದಲೇ. ಕಾಲೊನಿಯ ನೆಲದಲ್ಲಿ ಎರಡಡಿ ಅಗೆದರೆ ಬಂಡೆ ಸಿಗುತ್ತದೆ. ಬಂಡೆ ಒಡೆಸಲು ಕಂಟ್ರಾಕ್ಟರನಿಗೆ ಮನಸ್ಸು ಬರಲಿಲ್ಲ. ಅವನು ಗುಂಡಿಯನ್ನು ನೆಲದ ಮೇಲಕ್ಕೇ ಕಟ್ಟಿ, ಪೈಪಿಗೆ ಇಳಿಜಾರು ಸಿಗಲೆಂದು ಬಚ್ಚಲನ್ನೂ ಎತ್ತರಕ್ಕೆ ಏರಿಸಿಬಿಟ್ಟ. ಅಡುಗೆಮನೆಯ ಮೂಲೆಯಲ್ಲಿ ಮೂರು ಮೆಟ್ಟಿಲು, ಒಂದೊಂದೂ ದೊಡ್ಡವರ ಮೊಣಕಾಲೆತ್ತರ. ಹತ್ತಿ ಹೋದರೆ, ಕೈ ಚಾಚಿದರೆ ಎರಡು ಕಡೆಯ ಗೋಡೆಯೂ ತಾಗುವಷ್ಟು ಜಾಗ. ಸ್ನಾನಕ್ಕೂ ಅದೇ, ಪಾಯಿಖಾನೆಗೂ ಅದೇ. ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತಿತ್ತು, ಅದೂ ನೆಲದಿಂದ ಎದ್ದಿದ್ದ ಪಾಯಿಖಾನೆ ಬೇಸಿನ್ನಿನ ಅಂಚಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ಹೋಗುವವರು ಮೇಲಿನ ಮೆಟ್ಟಿಲಿನಿಂದ ಅಡ್ಡವಾಗಿ ನುಸುಳಿ, ಬೇಸಿನ್ನಿನ ಆಚೆಗೊಂದು ಕಾಲಿಟ್ಟು, ಗೋಡೆಗೆ ಅಂಟಿಕೊಂಡು ನಿಂತು, ಆಮೇಲೆ ಬಾಗಿಲು ಮುಚ್ಚಿಕೊಳ್ಳಬೇಕು. ನಲ್ಲಿ ಬೆನ್ನ ಹಿಂದೆ. ನೆಲದ ಇಳಿಜಾರು ಮೋರಿಯ ಕಡೆಗಲ್ಲ, ಬಾಗಿಲ ಕಡೆಗೆ. ಸ್ನಾನದ ನೀರು ಬಾಗಿಲ ಸಂದಿಯಿಂದ ಹೊರಟು, ಮೆಟ್ಟಿಲಿಳಿದು, ಅಡುಗೆಮನೆಗೆ ಬರುತ್ತಿತ್ತು. ಅಮ್ಮ ಕೆಳಗಿನ ಮೆಟ್ಟಿಲ ಬುಡದಲ್ಲಿ ಗೋಣಿಚೀಲ ಸುತ್ತಿ ಒಡ್ಡು ಕಟ್ಟಿದ್ದಳು, ದಿನಾ ಅದನ್ನು ಹಿಂಡಿ ಒಣಹಾಕುವುದು ನನ್ನ ಕೆಲಸ.

ಇದನ್ನು ಕಾಗದದ ಮೇಲೆ ಬರೆದವನು, ಕಟ್ಟಿದವನು, ಸರಿಯಿದೆ ಎಂದು ಸಹಿ ಹಾಕಿದವನು, ಈ ಮೂವರಲ್ಲಿ ಒಬ್ಬನಾದರೂ ಒಂದು ದಿನ ಅದರೊಳಗೆ ಹೋಗಿ ಕೂತಿದ್ದನೇ? ತನ್ನ ತಾಯಿಯನ್ನು ಒಂದು ಸಲ ಹತ್ತಿಸಿ ನೋಡಿದ್ದನೇ? ಬಡವರಿಗೆ ಇಷ್ಟು ಸಾಕು ಎಂದುಕೊಂಡೇ ಕಟ್ಟಿದ್ದು ಅದು. ಈ ಸಿಟ್ಟು ನನಗೆ ಬಂದದ್ದು ಆಮೇಲೆ. ಆಗ ನಾನು ಐದನೇ ಕ್ಲಾಸು, ಅಡ್ಡಕ್ಕೆ ನುಸುಳುವುದು ನನಗೂ ಶಾಹಿದಾಳಿಗೂ ಒಂದು ಆಟ.

ಅಜ್ಜಿಗೆ ಅದು ಆಟವಾಗಿರಲಿಲ್ಲ. ಅಪ್ಪನ ತಾಯಿ ಅವಳು, ತಾತ ಹೋದ ಮೇಲೆ ನಮ್ಮ ಜೊತೆಗೇ ಇದ್ದಳು. ನಮ್ಮ ಕಡೆಯ ಬೋರ್‌ವೆಲ್ ನೀರು ಹಲ್ಲನ್ನು ಕಂದು ಮಾಡುತ್ತದೆ, ಕೀಲುಗಳನ್ನು ಬಿಗಿದುಹಾಕುತ್ತದೆ. ವರ್ಷಗಟ್ಟಲೆ ಅದನ್ನೇ ಕುಡಿದ ಅಜ್ಜಿಯ ಮೊಣಕಾಲು ಮಡಚುತ್ತಿರಲಿಲ್ಲ, ಸೊಂಟ ಬಾಗುತ್ತಿರಲಿಲ್ಲ. ನಾಲಿಗೆ ಮಾತ್ರ ಬಲು ಚುರುಕು. ಇಡೀ ಸಾಲಿಗೆ ಅಡ್ಡಹೆಸರಿಟ್ಟವಳು ಅವಳೇ. ಓನರ್‌ಗೆ ಅವಳಿಟ್ಟ ಹೆಸರು ಬಡವರ ದೊರೆ. ಬೇಸಿಗೆಯೆಂದರೆ ಅವಳಿಗೆ ರಾಗಿ ಅಂಬಲಿ. ಮಜ್ಜಿಗೆ ಬೆರೆಸಿ, ಈರುಳ್ಳಿ ಚೂರು ಹಾಕಿ, ಹಿತ್ತಾಳೆ ಚೊಂಬಿನ ತುಂಬ ಕುಡಿಯುವಳು. ಕುಡಿದ ಬಾಯನ್ನು ಒರೆಸಿಕೊಳ್ಳದೆ ನನ್ನನ್ನು ಹಿಡಿದೆಳೆದು ಮುತ್ತಿಡುವಳು, ನಾನು ಕೆನ್ನೆ ಒರೆಸಿಕೊಳ್ಳುತ್ತ ಓಡುತ್ತಿದ್ದೆ.

ಮೊದಲ ವರ್ಷ ಅಜ್ಜಿ ಆ ಬಚ್ಚಲಿನ ಕಡೆ ತಲೆಯನ್ನೇ ಹಾಕಲಿಲ್ಲ. ಕೋಲೂರಿಕೊಂಡು ಕಾಲೊನಿಯ ಹಿಂದಿನ ಬಯಲಿಗೆ ಹೋಗುತ್ತಿದ್ದಳು. ಅಲ್ಲಿ ಲಂಟಾನ ಪೊದೆಗಳಿದ್ದವು, ಹಿಡಿದು ನಿಲ್ಲಲು ಒಂದು ಹೊಂಗೆ ಮರವಿತ್ತು. ಸ್ನಾನ ಅಡುಗೆಮನೆಯಲ್ಲೇ ಒಂದು ಬಕೆಟ್ಟಿನಲ್ಲಿ. ಆ ವರ್ಷದ ಬೇಸಿಗೆಯ ಹೊತ್ತಿಗೆ ಯಾರೋ ಬಯಲನ್ನು ಕೊಂಡು ಲೇಔಟ್ ಮಾಡಲು ಶುರುಮಾಡಿದರು. ಪೊದೆ ಕಡಿದು, ಮರ ಉರುಳಿಸಿ, ಕಲ್ಲು ನೆಟ್ಟು, ಮುಳ್ಳುತಂತಿ ಎಳೆದರು. ಅಜ್ಜಿಗೆ ಉಳಿದದ್ದು ಮೂರು ಮೆಟ್ಟಿಲಿನ ಬಚ್ಚಲು ಒಂದೇ.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಮ್ಮ ಹಿಂದಿನಿಂದ ತಳ್ಳುವುದು, ನಾನು ಮೇಲೆ ನಿಂತು ಎರಡೂ ಕೈ ಹಿಡಿದು ಎಳೆಯುವುದು. ಪ್ರತಿ ಮೆಟ್ಟಿಲಿಗೂ ಅಜ್ಜಿ ಹಲ್ಲು ಕಚ್ಚುತ್ತಿದ್ದಳು. ಬಾಗಿಲ ಹತ್ತಿರ ಬಂದರೆ ಅವಳು ನುಸುಳಲಾರಳು, ಕೂರಲೂ ಆರಳು. ಗೋಡೆ ಹಿಡಿದು ನಿಂತೇ ಇರಬೇಕು, ಬಾಗಿಲು ತೆರೆದೇ ಇರಬೇಕು, ನಾವು ಅಡುಗೆಮನೆಯ ಇನ್ನೊಂದು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಊರಿಗೆಲ್ಲ ಹೆಸರಿಡುತ್ತಿದ್ದ ಹೆಂಗಸು ಆ ಹೊತ್ತಿನಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಹಗಲಿಗೆ ಅದೊಂದೇ ಸಲ. ಅಮ್ಮ ಹೊರಟುಹೋದರೆ ನನ್ನೊಬ್ಬಳ ಕೈಲಿ ಅವಳನ್ನು ಹತ್ತಿಸಲು ಆಗುತ್ತಿರಲಿಲ್ಲ, ಸಂಜೆಯವರೆಗೆ ಅವಳು ತಡೆದುಕೊಂಡಿರಬೇಕಿತ್ತು.

ಒಂದು ಮಧ್ಯಾಹ್ನ ನಾನೇ ಅಂಬಲಿ ಕಲಸಿ ಚೊಂಬು ಮುಂದಿಟ್ಟೆ. ಅವಳು ಎರಡು ಗುಟುಕು ಕುಡಿದು ಚೊಂಬನ್ನು ನನ್ನ ಕಡೆ ಸರಿಸಿದಳು.

"ಯಾಕಜ್ಜಿ, ಚೆನ್ನಾಗಿಲ್ವಾ?"

"ಚೆನ್ನಾಗಿದೆ ಕಣಮ್ಮ. ನಂಗೆ ದಾಹ ಆಗ್ತಿಲ್ಲ, ನೀನು ಕುಡ್ಕೊ."

ಸುಡುಬೇಸಿಗೆ, ಅವಳ ತುಟಿ ಒಡೆದು ಸಿಪ್ಪೆ ಎದ್ದಿತ್ತು. ನಾನು ನಂಬಿ ಪೂರ್ತಿ ಅಂಬಲಿ ಕುಡಿದುಬಿಟ್ಟೆ. ಸಂಜೆ ಅಮ್ಮನಿಗೆ ಹೇಳಿದಾಗ ಅವಳು ನಂಬಲಿಲ್ಲ. ರೀಲಿಂಗ್ ಘಟಕದಲ್ಲಿ ಹೆಂಗಸರಿಗೆ ಹೋಗಲು ಜಾಗವಿರಲಿಲ್ಲ, ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು ಅಮ್ಮನೂ ಒಂದು ಲೋಟ ನೀರು ಕುಡಿಯದೆ ಕೂತಿರುತ್ತಿದ್ದಳು. ಈ ದಾಹವಿಲ್ಲದ ಕಾಯಿಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಅವಳು ಅಜ್ಜಿಯನ್ನು ಏನೂ ಕೇಳದೆ ಅಪ್ಪನ ಮೇಲೆ ರೇಗಿದಳು.

ಅಪ್ಪ ಮೆದು ಮನುಷ್ಯ. ಮೆಟ್ಟಿಲು ಸರಿಮಾಡಿಸುವುದಾದರೆ ಓನರನ್ನು ಕೇಳಿಯೇ ಮಾಡೋಣ ಎಂದು ಫೋನು ಮಾಡಿದ. ಕಟ್ಟಡಕ್ಕೆ ಕೈ ಹಚ್ಚಬೇಡಿ ಎಂದು ಉತ್ತರ ಬಂತು. ಪುರಸಭೆಗೆ ಹೋಗಿ ದೂರು ಕೊಡುವ ಹಾಗೂ ಇರಲಿಲ್ಲ. ಬಚ್ಚಲು ಸರಿಯಿಲ್ಲ ಎಂದು ಅರ್ಜಿ ಬರೆದರೆ, ನೀವು ಯಾರು, ಈ ಮನೆಯಲ್ಲಿ ಯಾಕಿದ್ದೀರಿ ಎಂಬ ಪ್ರಶ್ನೆ ಮೊದಲು ಬರುತ್ತಿತ್ತು. ದೂರಲು ಹಕ್ಕಿದ್ದವನು ಪೆರೇಸಂದ್ರದ ತಾರಸಿ ಮನೆಯಲ್ಲಿ ಆರಾಮಾಗಿದ್ದ, ಆ ಮೆಟ್ಟಿಲು ಹತ್ತುವವರಿಗೆ ಬಾಯಿ ತೆರೆಯುವ ಹಾಗಿರಲಿಲ್ಲ. ಇದಕ್ಕಿಂತ ಚೆನ್ನಾದ ಏರ್ಪಾಡನ್ನು ಯಾರು ತಾನೇ ಯೋಚಿಸಿ ಮಾಡಿಯಾರು.

ಅಮ್ಮ ಯಾರನ್ನೂ ಕೇಳಲಿಲ್ಲ. ಗಾರೆ ಕೆಲಸ ಮಾಡುತ್ತಿದ್ದ ಶಾಹಿದಾಳ ಅಬ್ಬಾ ಒಂದು ಭಾನುವಾರ ಬಂದು, ಪ್ರತಿ ಮೆಟ್ಟಿಲಿಗೂ ಪಕ್ಕದಲ್ಲಿ ಅರ್ಧ ಎತ್ತರದ ಸೈಜುಗಲ್ಲು ಇಟ್ಟು, ಮೂರನ್ನು ಆರು ಮಾಡಿಕೊಟ್ಟರು. ಗೋಡೆಗೊಂದು ಕಬ್ಬಿಣದ ಪೈಪು ಕೂರಿಸಿದರು. ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಬೇಸಿನ್ನಿನ ಮೇಲಿಡುವ ಹಾಗೆ ಮಾಡಿದರು. ಆ ಕುರ್ಚಿ ಹಿಡಿಸಬೇಕಾದರೆ ಬಾಗಿಲು ಇರುವ ಹಾಗಿರಲಿಲ್ಲ. ಬಾಗಿಲು ಬಿಚ್ಚಿ ಮಂಚದಡಿ ಇಟ್ಟೆವು. ಅದರ ಜಾಗಕ್ಕೆ ಅಪ್ಪ ಮಾರುಕಟ್ಟೆಯ ಕಡೆಯಿಂದ ಹಳೆಯ ಚಂದ್ರಿಕೆ ತಂದ. ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು, ಆಳೆತ್ತರ ಇರುತ್ತದೆ. ಅದಕ್ಕೆ ಅಮ್ಮನ ಹಳೇ ಸೀರೆ ಹೊಲಿದು ಹೊರಗಿನಿಂದ ಒರಗಿಸುವ ಹಾಗೆ ಮಾಡಿದೆವು.

ಅಜ್ಜಿ ಪೈಪು ಹಿಡಿದು, ಒಂದೊಂದೇ ಕಲ್ಲು ಹತ್ತಿ, ಒಳಗೆ ಹೋದಳು. ನಾನು ಚಂದ್ರಿಕೆ ಒರಗಿಸಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ನನ್ನನ್ನು ಕೂಗಿದಳು.

"ಏ ಭಾಗ್ಯ, ನಿಮ್ಮಪ್ಪನ ಮದುವೇಲೂ ನನ್ನ ಇಂಥ ಕುರ್ಚೀಲಿ ಕೂರಿಸಿರ್ಲಿಲ್ಲ ಕಣೇ."

ಅಮ್ಮ ಒಲೆಯ ಮುಂದೆ ನಿಂತು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಅವತ್ತು ಮಧ್ಯಾಹ್ನ ಅಜ್ಜಿ ಚೊಂಬಿನ ತುಂಬ ಅಂಬಲಿ ಕುಡಿದಳು. ಅದಾದ ಮೇಲೆ ಮೂರು ವಾರ ನಮ್ಮ ಮನೆಯಲ್ಲಿ ಮತ್ತೆ ಮಾತು, ಬೈಗುಳ, ಅಡ್ಡಹೆಸರು ಎಲ್ಲ ಇತ್ತು. ನನ್ನ ಬಾಲ್ಯದಲ್ಲಿ ಯಾವ ದಿನಗಳು ಚೆನ್ನಾಗಿದ್ದವು ಎಂದು ಕೇಳಿದರೆ ನಾನು ಆ ಮೂರು ವಾರವನ್ನೇ ಹೇಳುತ್ತೇನೆ.

ಆಮೇಲೆ ಬಡವರ ದೊರೆ ಬಂದ. ಮನೆಮನೆಯ ಪಾಯಿಖಾನೆ ತಪಾಸಣೆಗೆ ಆಫೀಸಿನಿಂದ ಬರುತ್ತಾರೆ, ಮನೆಯವರನ್ನು ಅದರ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ ಎಂದು ಅವನಿಗೆ ಸುದ್ದಿ ಸಿಕ್ಕಿತ್ತು. ಅಡುಗೆಮನೆಗೆ ಬಂದವನು ಚಂದ್ರಿಕೆ ನೋಡಿ ದಂಗಾದ.

"ಏಮಮ್ಮಾ, ಡೋರು ಎಲ್ಲಿ? ಫೋಟೋದಲ್ಲಿ ಡೋರು ಕಾಣ್ಬೇಕು. ಪ್ಲಾನಲ್ಲಿ ಹೆಂಗಿದ್ಯೋ ಹಂಗೇ ಇರ್ಬೇಕು. ಇಲ್ಲಾಂದ್ರೆ ನನ್ನ ಮನೆ ವಾಪಸ್ ಹೋಗುತ್ತೆ, ನೀವು ಬೀದಿಗೆ ಹೋಗ್ತೀರ."

ಅಮ್ಮ ಮೆಟ್ಟಿಲಿಗೆ ಅಡ್ಡ ನಿಂತಳು. ಆಗ ಅವಳನ್ನು ಒಪ್ಪಿಸಿದ್ದು ಅಜ್ಜಿಯೇ. ಒಂದು ದಿನದ ಮಾತು, ಹಾಕಲಿ ಬಿಡು, ಆಮೇಲೆ ತೆಗೆದರಾಯಿತು ಎಂದಳು. ಕಲ್ಲುಗಳನ್ನು ಕಿತ್ತು ಹಿತ್ತಲಿಗೆ ಹಾಕಿದರು, ಪೈಪು ಬಿಚ್ಚಿದರು, ಕುರ್ಚಿಯನ್ನು ಓನರ್ ತಾನೇ ಎತ್ತಿಕೊಂಡು ಹೋಗಿ ತಂತಿಯಾಚೆ ಎಸೆದ. ಸಂಜೆ ಅಜ್ಜಿ ನನ್ನನ್ನು ಕೂರಿಸಿಕೊಂಡು ಪಾಠ ಒಪ್ಪಿಸಿಕೊಂಡಳು. ಯಾರ ಮನೆ, ದೊಡ್ಡಪ್ಪನದು. ಈ ಅಜ್ಜಿ ಯಾರು, ದೊಡ್ಡಪ್ಪನ ಚಿಕ್ಕಮ್ಮ. ಪಾಯಿಖಾನೆ ಎಲ್ಲರೂ ಬಳಸುತ್ತೀರಾ, ಹೌದು, ದಿನಾ ಬಳಸುತ್ತೇವೆ. ನಾನು ತಡವರಿಸದೆ ಹೇಳಿದಾಗ ಅವಳು ನನ್ನ ತಲೆ ನೇವರಿಸಿ ಜಾಣೆ ಎಂದಳು.

ಮಾರನೇ ದಿನ ಬಂದದ್ದು ಒಬ್ಬ ಯುವತಿ, ಕಾಟನ್ ಚೂಡಿದಾರ್, ಬಿಸಿಲಿಗೆ ಬಸವಳಿದ ಮುಖ. ಕೆಟ್ಟವರಾಗಿರಲಿಲ್ಲ. ನೀರು ಕೇಳಿ ಕುಡಿದರು. ಓನರ್ ಅಜ್ಜಿಯನ್ನು ತನ್ನ ಚಿಕ್ಕಮ್ಮ ಎಂದು ಪರಿಚಯಿಸಿ, ಮನೆಯ ಹಿರಿಯರು, ಇವರನ್ನೇ ನಿಲ್ಲಿಸಿ ಮೇಡಂ ಎಂದ. ಅಜ್ಜಿಯನ್ನು ಎತ್ತಿ ಮೊದಲ ಮೆಟ್ಟಿಲಿನ ಮೇಲೆ ನಿಲ್ಲಿಸಿದರು. ತಾನು ಹೋಗಲಾರದ ಬಾಗಿಲಿನ ಮುಂದೆ, ಗೋಡೆಗೆ ಕೈ ಕೊಟ್ಟು, ಸೆರಗು ಸರಿಮಾಡಿಕೊಂಡು ಅವಳು ನಿಂತಳು. ಸ್ವಲ್ಪ ನಗಿ ಅಜ್ಜಿ ಎಂದರೆ ನಕ್ಕಳು. ಮೇಡಂ ಫೋಟೋ ತೆಗೆದರು. ಮೊಬೈಲು ಚೀಲಕ್ಕೆ ಹಾಕುತ್ತಿದ್ದವರು ಮೆಟ್ಟಿಲನ್ನು ಇನ್ನೊಂದು ಸಲ ನೋಡಿದರು. ಅಜ್ಜಿಯ ಕಾಲು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಪುಟ್ಟಿ, ಇಷ್ಟೆತ್ತರ ಅಜ್ಜಿ ಹತ್ತುತ್ತಾರಾ? ನಿಜ ಹೇಳು."

ಆ ಮನೆ ಕಟ್ಟಿದಾಗಿನಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು. ಓನರ್ ನನ್ನನ್ನೇ ನೋಡುತ್ತಿದ್ದ. ಅಮ್ಮ ನೆಲ ನೋಡುತ್ತಿದ್ದಳು. ಅಜ್ಜಿ ಮೆಟ್ಟಿಲಿನ ಮೇಲಿಂದ, ಹೇಳು ಎನ್ನುವಂತೆ ತಲೆಯಾಡಿಸಿದಳು.

"ದಿನಾ ಹತ್ತುತ್ತಾರೆ ಮೇಡಂ. ಅವರಿಗೆ ಅಭ್ಯಾಸ ಇದೆ."

ಮೊದಲ ಮಾತು ಅಜ್ಜಿ ಕಲಿಸಿದ ಪಾಠದಿಂದ ಬಂದದ್ದು. ಎರಡನೆಯದನ್ನು ಯಾರೂ ಕಲಿಸಿರಲಿಲ್ಲ, ನಂಬಲಿ ಎಂದು ನಾನೇ ಸೇರಿಸಿದ್ದೆ. ಮೇಡಂ ನಂಬಿದರು. ಏನೋ ಬರೆದುಕೊಂಡು ಶಾಹಿದಾಳ ಮನೆಗೆ ಹೋದರು.

ಒಂದು ದಿನದ ಮಾತು ಒಂದು ದಿನಕ್ಕೆ ಮುಗಿಯಲಿಲ್ಲ. ಇನ್ನೊಬ್ಬ ದೊಡ್ಡ ಆಫೀಸರ್ ಬರುವವರಿದ್ದಾರೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದು ಓನರ್ ಕಟ್ಟಪ್ಪಣೆ ಮಾಡಿ ಹೋದ. ಆ ಆಫೀಸರ್ ಬರಲೇ ಇಲ್ಲ. ಅಮ್ಮ ವಾರಕ್ಕೊಮ್ಮೆ ಅಪ್ಪನ ಹತ್ತಿರ ಜಗಳ ತೆಗೆಯುವಳು, ಅಪ್ಪ ಇನ್ನೊಂದು ವಾರ ನೋಡೋಣ ಎನ್ನುವನು. ಅಜ್ಜಿಯ ದಾಹ ಮತ್ತೆ ನಿಂತುಹೋಯಿತು. ಮಳೆ ಶುರುವಾಗುವ ಹೊತ್ತಿಗೆ ಅವಳಿಗೆ ಚಳಿಜ್ವರ ಬಂತು, ಮಾತು ತೊದಲತೊಡಗಿತು, ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದಳು. ಮೂತ್ರದ ಸೋಂಕು ರಕ್ತಕ್ಕೇರಿದೆ ಎಂದರು ಡಾಕ್ಟರು. ನೀರು ಯಾಕೆ ಕುಡಿಯುವುದಿಲ್ಲ ಎಂದು ಅವಳನ್ನೇ ಬೈದರು. ಈಗ ನಾನು ಆಸ್ಪತ್ರೆಯೊಂದರಲ್ಲಿ ನರ್ಸು. ಹಾಗೆ ಬೈಯುವವರ ಪಕ್ಕದಲ್ಲಿ ಎಷ್ಟೋ ಸಲ ನಿಂತಿದ್ದೇನೆ, ಅವರು ಆಚೆ ಹೋದ ಮೇಲೆ, ನಿಮ್ಮ ಮನೆಯ ಬಚ್ಚಲು ಹೇಗಿದೆ ಎಂದು ರೋಗಿಯನ್ನು ಕೇಳುತ್ತೇನೆ.

ವಾರದ ಮೇಲೆ ಅಜ್ಜಿ ಚೇತರಿಸಿಕೊಂಡಳು. ಮಂಚೇನಹಳ್ಳಿ ಹತ್ತಿರದ ಹಳ್ಳಿಯಿಂದ ಅಜ್ಜಿಯ ಮಗಳು, ನನ್ನ ಅತ್ತೆ ಬಂದು, ಇನ್ನು ಇವಳು ಈ ಮನೆಯಲ್ಲಿ ಬೇಡ ಎಂದು ಕರೆದುಕೊಂಡು ಹೊರಟಳು. ಜೊತೆಗೆ ನಾನೂ ಹೋದೆ. ಅತ್ತೆಯ ಮನೆಯಲ್ಲಿ ಪಾಯಿಖಾನೆಯೇ ಇರಲಿಲ್ಲ. ಹಿತ್ತಲಲ್ಲಿ ತೆಂಗಿನ ಗರಿಯ ಮರೆ, ಮರೆಯೊಳಗೆ ಅತ್ತೆ ಅಗೆದ ಗುಂಡಿ, ಅದರ ಮೇಲೆ ಕೂರಲು ಕುರ್ಚಿಯಷ್ಟು ಎತ್ತರಕ್ಕೆ ಅಡ್ಡ ಜೋಡಿಸಿದ ಎರಡು ಕಲ್ಲುಕಂಬ. ಯಾವ ಇಂಜಿನಿಯರೂ ಹೇಳಿಕೊಟ್ಟದ್ದಲ್ಲ, ತನ್ನ ತಾಯಿಯ ಕಾಲು ಮಡಚುವುದಿಲ್ಲ ಎಂಬುದಷ್ಟೇ ಅತ್ತೆಗೆ ಗೊತ್ತಿತ್ತು. ಅಜ್ಜಿ ಬಸ್ಸಿಳಿದವಳು ನೇರ ಅಲ್ಲಿಗೆ ಹೋಗಿ ಬಂದು, ಜಗುಲಿಯ ಮೇಲೆ ಕೂತು ನೀರು ಕೇಳಿದಳು. ಒಂದು ಚೊಂಬು ಗಟಗಟನೆ ಕುಡಿದಳು. ಇನ್ನೊಂದು ಕೇಳಿದಳು. ಮೂರನೆಯದಕ್ಕೆ ಕೈ ಚಾಚಿದಾಗ ನಾನು ಅಳಲು ಶುರುಮಾಡಿದೆ. ಅವತ್ತು ಮೇಡಂಗೆ ಸುಳ್ಳು ಹೇಳಿದ್ದಕ್ಕೇ ನಿನಗೆ ಹೀಗಾಯಿತು ಎಂದೆ.

"ನಾನು ಹೇಳ್ಕೊಟ್ಟಿದ್ದು ತಾನೇ ನೀನು ಹೇಳಿದ್ದು," ಅಂದಳು ಅಜ್ಜಿ. "ಮನೆ ಉಳೀತಲ್ಲ ಬಿಡು."

ಮನೆ ಉಳಿಯಿತು, ಹೌದು. ಇನ್ನೂ ಮೂರು ವರ್ಷ ನಾವು ಅದರಲ್ಲೇ ಇದ್ದೆವು. ಅಜ್ಜಿ ಮಾತ್ರ ಮತ್ತೆ ಅಲ್ಲಿಗೆ ಬರಲಿಲ್ಲ. ಹಬ್ಬಕ್ಕೆ ಕರೆದರೆ ನಿಮ್ಮನೆ ಬೆಟ್ಟ ಹತ್ತೋಕಾಗಲ್ಲ ಎಂದು ನಗಾಡುತ್ತಿದ್ದಳು. ವರ್ಷಕ್ಕೆ ಎರಡು ಸಲ ನಾನು ಹೋಗಿ ನೋಡಿದ್ದೆಷ್ಟೋ ಅಷ್ಟೇ. ನಾನು ದೊಡ್ಡವಳಾದದ್ದನ್ನು ಅವಳಿಗೆ ಫೋನಿನಲ್ಲಿ ಹೇಳಿದರು. ಅವಳು ಹೋದದ್ದನ್ನು ನಮಗೆ ಫೋನಿನಲ್ಲಿ ಹೇಳಿದರು. ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ಅಜ್ಜಿ ಮೊಮ್ಮಗಳಿಗೆ ಆ ಬಚ್ಚಲು ಉಳಿಸಿದ್ದು ಇಷ್ಟು.

ಸಿಟ್ಟು ಯಾರ ಮೇಲೆ ಎಂದು ಅಮ್ಮ ಈಗಲೂ ಕೇಳುತ್ತಾಳೆ. ಬಂಡೆ ಒಡೆಸದವನ ಮೇಲೆ, ಸಹಿ ಹಾಕಿದವನ ಮೇಲೆ, ಕುರ್ಚಿ ಎಸೆದವನ ಮೇಲೆ, ಇನ್ನೊಂದು ವಾರ ನೋಡೋಣ ಎಂದ ಅಪ್ಪನ ಮೇಲೂ. ಎಲ್ಲರಿಗಿಂತ ಒಳ್ಳೆಯವರಾಗಿದ್ದ ಆ ಮೇಡಂ ಮೇಲೂ ಇದೆ. ಅಜ್ಜಿ ಅವರ ಎದುರಿಗೇ, ಮೆಟ್ಟಿಲ ಮೇಲೆ ನಿಂತಿದ್ದಳು. ಅವಳನ್ನು ಬಿಟ್ಟು ಹತ್ತು ವರ್ಷದ ನನ್ನನ್ನು ಕೇಳಿದರು. ಅಜ್ಜಿಯನ್ನು ಕೇಳಿದ್ದರೆ ಅವಳೂ ಸುಳ್ಳೇ ಹೇಳುತ್ತಿದ್ದಳು, ನನಗೆ ಗೊತ್ತು. ಆದರೆ ಆ ಸುಳ್ಳು ಅವಳದಾಗಿ ಅವಳ ಜೊತೆಗೇ ಹೋಗುತ್ತಿತ್ತು. ಈಗ ಅದು ನನ್ನ ಹತ್ತಿರ ಇದೆ.